ಆತುರಶಾಲೆಯ ಔಷಧಸಂಗ್ರಹವೂ ಅದರ ವೆಚ್ಚವೂ

ವೈದ್ಯನು ದೊರೆತರೂ ಔಷಧವು ದೊರೆಯದಿದ್ದರೆ ಚಿಕಿತ್ಸೆಯು ನಿಷ್ಫಲವಾಗುವುದು. ಆದುದರಿಂದ ಔಷಧದ ವೆಚ್ಚವನ್ನು ಹೊರತಕ್ಕವರು ಯಾರೆಂಬ ಪ್ರಶ್ನೆಯು ವೈದ್ಯಶಾಸ್ತ್ರದಷ್ಟೇ ಪ್ರಾಚೀನವಾದುದು. ಚರಕಸಂಹಿತೆಯ ಸೂತ್ರಸ್ಥಾನದ 15ನೆಯ ಅಧ್ಯಾಯವು ಶೋಧನಚಿಕಿತ್ಸೆಗೆ ಮುನ್ನ ಸಂಗ್ರಹಿಸತಕ್ಕ ಗೃಹ, ಪರಿಚಾರಕರು, ಪಾತ್ರೆಗಳು, ಔಷಧಗಳು ಮೊದಲಾದವನ್ನು ವಿಸ್ತಾರವಾಗಿ ಗಣಿಸಿ, ಈ ವಿಧಿಯು ಅರಸರಿಗೂ ಧನಿಕರಿಗೂ ತಕ್ಕುದೆಂದು ಹೇಳುತ್ತದೆ. ದರಿದ್ರನಾದರೋ ಆಪತ್ತಿನಲ್ಲಿ ಆ ಸಾಮಗ್ರಿಗಳಿಲ್ಲದೆಯೇ ಔಷಧವನ್ನು ಸೇವಿಸಬಹುದು. ಏಕೆಂದರೆ ರೋಗವು ಧನವನ್ನು ನೋಡಿ ಬರುವುದಲ್ಲವೆಂಬುದು ಅಲ್ಲಿನ ಅಭಿಪ್ರಾಯ. ಇಲ್ಲಿ ಶಾಸ್ತ್ರಕಾರನಿಗೆ ಕನಿಕರವುಂಟು. ಬಡವನಿಗಾಗಿ ಸಂಗ್ರಹಿಸಿಡುವ ಏರ್ಪಾಡು ಮಾತ್ರ ಇಲ್ಲ.

ಅಂತಹ ಏರ್ಪಾಡೊಂದು ಕಾಂಚೀಪುರಕ್ಕೆ ಸಮೀಪದ ತಿರುಮುಕ್ಕೂಡಲಿನ ದೇವಾಲಯದ ಶಾಸನದಲ್ಲಿ ಕಂಡುಬರುತ್ತದೆ. ಚಾಲುಕ್ಯ ಆಹವಮಲ್ಲನ ಪ್ರತಿಸ್ಪರ್ಧಿಯಾದ ಚೋಳ ವೀರರಾಜೇಂದ್ರನ 5ನೆಯ ಆಳ್ವಿಕೆಯ ವರ್ಷದ, ಎಂದರೆ ಕ್ರಿ.ಶ. 1068ರ ಸುಮಾರಿನ, ಈ ಶಾಸನವು 15 ಹಾಸಿಗೆಗಳ ಆತುರಶಾಲೆಯೊಂದನ್ನು ಹೇಳುತ್ತದೆ. ಕೋದಂಡರಾಮನ್ ಅಶ್ವತ್ಥಾಮಭಟ್ಟನೆಂಬ ವೈದ್ಯನಿಗೆ ವರ್ಷಕ್ಕೆ 90 ಕಲಂ ಭತ್ತವೂ 8 ಕಾಸೂ ಗೊತ್ತಾಗಿದ್ದುವು. ಶಸ್ತ್ರವೈದ್ಯನಿಗೂ, ಮೂಲಿಕೆಗಳನ್ನು ತರುವ ಇಬ್ಬರಿಗೂ, ಉಪಚಾರಮಾಡುವ ಸ್ತ್ರೀಯರಿಗೂ ಪ್ರತ್ಯೇಕ ಜೀವಿತವಿದ್ದಿತು. ಇವೆಲ್ಲಕ್ಕಿಂತ ಗಮನಾರ್ಹವಾದುದು ವರ್ಷಕ್ಕೆ ಸಾಕಾಗುವಂತೆ ಶೇಖರಿಸಿಡಬೇಕಾದ ಸುಮಾರು 20 ಔಷಧಗಳ ಪಟ್ಟಿ. ನಾನಾವಿಧವಾದ ಹರೀತಕೀಯೋಗಗಳು, ತೈಲಗಳು, ಬಿಲ್ವಾದಿಘೃತ, ಕಲ್ಯಾಣಲವಣ, ಪುರಾಣಘೃತ ಮೊದಲಾದವು ಇದರಲ್ಲಿ ಸೇರಿವೆ.

ಈ ಪಟ್ಟಿಯ ತಾತ್ಪರ್ಯವನ್ನು ಪುರಾಣಘೃತವೊಂದೇ ತಿಳಿಸಬಲ್ಲುದು. ಹತ್ತು ವರ್ಷ ಇಟ್ಟ ತುಪ್ಪಕ್ಕೆ ಈ ಹೆಸರೆಂದು ಚರಕನ ಮತ. ರೋಗವು ಬಂದ ದಿನ ಹೊಸದಾಗಿ ಅದನ್ನು ಸಿದ್ಧಪಡಿಸುವುದು ಯಾರಿಂದಲೂ ಸಾಧ್ಯವಿಲ್ಲ. ಮೊದಲೇ ಕೂಡಿಟ್ಟವನಲ್ಲಿ ಮಾತ್ರ ಅದು ದೊರೆಯುವುದು. ಚರಕನು ಧನಿಕನಿಗೆ ವಿಧಿಸಿದ ಸಂಭಾರವನ್ನು ಇಲ್ಲಿ ದೇವಾಲಯದ ಆದಾಯವೇ ಹೊತ್ತಿತು.

ಆದರೂ ಈ ಶಾಲೆಯು ಸರ್ವರಿಗೂ ತೆರೆದುದಾಗಿತ್ತೆಂದು ಭಾವಿಸಲಾಗದು. ಅಲ್ಲಿನ ವೇದವ್ಯಾಕರಣಾದಿಗಳ ವಿದ್ಯಾರ್ಥಿಗಳಿಗೂ ದೇವಾಲಯದ ಸೇವಕರಿಗೂ ಅದು ಮೀಸಲಾಗಿತ್ತು. ಕನ್ನಡನಾಡಿನ ಬಳ್ಳಿಗಾವೆಯ ಕೋಡಿಯಮಠವಾದರೋ ದೀನರಿಗೂ ಅಂಧರಿಗೂ ಅನ್ನವನ್ನು, ಅನಾಥರೋಗಿಗಳಿಗೆ ಔಷಧವನ್ನು ಕೊಡುವ ಸ್ಥಾನವೆಂದು 1162ರ ಶಾಸನವು ಹೊಗಳುತ್ತದೆ. ಆದರೆ ಆ ಹೊಗಳಿಕೆಯಲ್ಲಿ ಔಷಧಗಳ ಪಟ್ಟಿಯಿಲ್ಲ. ಒಂದೆಡೆ ಲೆಕ್ಕವು ಸ್ಪಷ್ಟ, ಬಾಗಿಲು ಕಿರಿದು. ಇನ್ನೊಂದೆಡೆ ಬಾಗಿಲು ವಿಶಾಲ, ಲೆಕ್ಕವು ಅವ್ಯಕ್ತ. ಇವೆರಡೂ ಒಂದೆಡೆ ಕೂಡಿದಲ್ಲದೆ ಬಡರೋಗಿಗೆ ಔಷಧವು ನಿಶ್ಚಯವಾಗಿ ದೊರೆಯಲಾರದು. ಇಂದಿನ ಆಸ್ಪತ್ರೆಯ ಔಷಧಾಲಯದ ಮುಂದೆ ಚೀಟಿಯನ್ನು ಹಿಡಿದು ನಿಂತವನ ವಿಷಯದಲ್ಲಿಯೂ ಈ ಮಾತು ಸಲ್ಲುತ್ತದೆ.