ಹಳೆಯ ಲಾರಿಗೆ ಹೊಸ ಎಂಜಿನ್: ಸ್ಪ್ಯಾನರ್ ಹಿಡಿಯುವ ಮುನ್ನ ತಿಳಿದಿರಬೇಕಾದ ಸಂಗತಿಗಳು

ಗಡಿನಾಡಿನ ಕನ್ನಡ ಶಾಲೆಗಳಿಗೆ ಮಕ್ಕಳನ್ನು ಕಳುಹಿಸುವ ಕುಟುಂಬಗಳಲ್ಲಿ ಒಂದೇ ಲಾರಿಯನ್ನು ನಂಬಿ ಬದುಕುವ ಕುಟುಂಬಗಳೂ ಉಂಟು. ಲಾರಿಯ ಚಾಸಿ, ಕ್ಯಾಬಿನ್, ಆಕ್ಸಲ್‌ಗಳು ಗಟ್ಟಿಯಾಗಿರುವಾಗಲೇ ಎಂಜಿನ್ ಸವೆದು, ಆಯಿಲ್ ಕುಡಿಯತೊಡಗಿ, ಘಟ್ಟದಲ್ಲಿ ಕಪ್ಪು ಹೊಗೆ ಕಾರುತ್ತಾ ನಿಲ್ಲುವ ಕಾಲವೊಂದು ಬರುತ್ತದೆ. ಆಗ ಮಾಲೀಕನ ಮುಂದೆ ಮೂರು ದಾರಿಗಳಿರುತ್ತವೆ. ಲೈನರ್, ಪಿಸ್ಟನ್, ಬೇರಿಂಗುಗಳನ್ನು ಬದಲಿಸಿ ಇರುವ ಎಂಜಿನ್ನನ್ನೇ ಪೂರ್ಣವಾಗಿ ಬಿಚ್ಚಿ ಕಟ್ಟಿಸುವುದು ಒಂದು. ಅದೇ ಬಗೆಯ ಇನ್ನೊಂದು ಎಂಜಿನ್ನನ್ನು ಕೂರಿಸುವುದು ಎರಡನೆಯದು. ಹೆಚ್ಚು ಶಕ್ತಿಯ, ಇತ್ತೀಚಿನ ಬಗೆಯ ಎಂಜಿನ್ನನ್ನು ತಂದು ಹೊಂದಿಸುವುದು ಮೂರನೆಯದು. ಗ್ಯಾರೇಜುಗಳಲ್ಲಿ ಹೆಚ್ಚು ಮಾತಿಗೆ ಬರುವುದು ಮೂರನೆಯ ದಾರಿ. ಕಾಗದಪತ್ರದ ತೊಡಕಿನಲ್ಲಿ ಮನೆಯನ್ನು ಸಿಲುಕಿಸುವುದೂ ಅದೇ. ಆದುದರಿಂದ ಈ ಲೇಖನದಲ್ಲಿ ಯಂತ್ರದ ಸಂಗತಿಗಳನ್ನೂ ಕಾನೂನಿನ ಸಂಗತಿಗಳನ್ನೂ ಒಟ್ಟಿಗೇ ಕೊಡುತ್ತಿದ್ದೇವೆ. ಮನೆಯಲ್ಲಿ ಓದಬಲ್ಲ ಮಕ್ಕಳು ಹಿರಿಯರಿಗೆ ಇದನ್ನು ಓದಿ ಹೇಳಲಿ ಎಂಬುದೂ ನಮ್ಮ ಅಪೇಕ್ಷೆ.

ಹೆಸರಿನಲ್ಲಿರುವ ಅಂಕಿಗಳು

ಟಾಟಾ ಲಾರಿಗಳ ಮಾದರಿ ಸಂಖ್ಯೆಯಲ್ಲಿ ಮೊದಲ ಅಂಕಿಗಳು ಹೊರೆಸಹಿತ ಒಟ್ಟು ತೂಕವನ್ನೂ, ಕೊನೆಯ ಎರಡು ಅಂಕಿಗಳು ಎಂಜಿನ್ನಿನ ಶಕ್ತಿಯನ್ನೂ ಸರಿಸುಮಾರಾಗಿ ಸೂಚಿಸುತ್ತವೆ. 407 ಎಂದರೆ ಸುಮಾರು 4 ಟನ್, 70 ಅಶ್ವಶಕ್ತಿ. 1210 ಎಂದರೆ 12 ಟನ್, 100 ಅಶ್ವಶಕ್ತಿ. 1613 ಎಂದರೆ 16 ಟನ್, 130 ಅಶ್ವಶಕ್ತಿ. ಎಂಜಿನ್ನಿಗೂ ಬೇರೆ ಸಂಖ್ಯೆಯಿದೆ. 697 ಎಂಬ ಎಂಜಿನ್ನಿನಲ್ಲಿ ಮೊದಲ ಅಂಕಿ ಸಿಲಿಂಡರುಗಳ ಸಂಖ್ಯೆ, ಉಳಿದೆರಡು ಅಂಕಿಗಳು ಮಿಲಿಮೀಟರಿನಲ್ಲಿ ಸಿಲಿಂಡರಿನ ವ್ಯಾಸ. ಅಂದರೆ 6 ಸಿಲಿಂಡರು, 97 ಮಿ.ಮೀ. ವ್ಯಾಸ. 497ರಲ್ಲಿ ಅದೇ ವ್ಯಾಸದ 4 ಸಿಲಿಂಡರುಗಳು.

ಪ್ರೌಢಶಾಲೆಯ ಮಕ್ಕಳು ಇಲ್ಲಿ ಸಿಲಿಂಡರಿನ ಗಾತ್ರದ ಸೂತ್ರವನ್ನು ಬಳಸಿ ನೋಡಬಹುದು. ವ್ಯಾಸ 9.7 ಸೆಂ.ಮೀ., ಪಿಸ್ಟನ್ ಚಲಿಸುವ ಉದ್ದ 12.8 ಸೆಂ.ಮೀ. ಆದರೆ ಒಂದು ಸಿಲಿಂಡರಿನ ಗಾತ್ರ ಸುಮಾರು 946 ಘನ ಸೆಂ.ಮೀ. ಆರರಿಂದ ಗುಣಿಸಿದರೆ 5675 ಸಿ.ಸಿ. ಬರುತ್ತದೆ, 697 ಎಂಜಿನ್ನಿನ ವಿವರಪಟ್ಟಿಯಲ್ಲಿರುವುದೂ ಅದೇ ಅಂಕಿ. ಪಠ್ಯಪುಸ್ತಕದ ಲೆಕ್ಕಗಳಲ್ಲಿ ನೀರಿನ ತೊಟ್ಟಿಗಳಷ್ಟೇ ಏಕೆ ಬರಬೇಕು, ಲಾರಿ ಎಂಜಿನ್ನೂ ಬರಬಹುದಲ್ಲವೇ ಎಂದು ನಮಗೆ ಆಗಾಗ ಅನ್ನಿಸುವುದುಂಟು.

ಎಂಜಿನ್ನುಗಳ ವಂಶಾವಳಿ

ಅಂದು ಟೆಲ್ಕೊ ಎಂದು ಕರೆಯಲ್ಪಡುತ್ತಿದ್ದ ಟಾಟಾ ಕಂಪನಿಯು 1954ರಲ್ಲಿ ಜರ್ಮನಿಯ ಡೈಮ್ಲರ್-ಬೆಂಜ್ ಕಂಪನಿಯೊಡನೆ 15 ವರ್ಷಗಳ ಒಪ್ಪಂದ ಮಾಡಿಕೊಂಡು ಜಮ್‌ಶೆಡ್‌ಪುರದಲ್ಲಿ ಲಾರಿ ತಯಾರಿಕೆಯನ್ನು ಆರಂಭಿಸಿತು. ಹಿರಿಯ ಚಾಲಕರು ಇಂದಿಗೂ ಟಾಟಾ ಲಾರಿಯನ್ನು 'ಬೆಂಜ್' ಎನ್ನುವುದಕ್ಕೆ ಇದೇ ಮೂಲ. 692, 697 ಎಂಜಿನ್ನುಗಳು ಆ ಪರಂಪರೆಯವು. 1993ರಲ್ಲಿ ಟಾಟಾ ಮತ್ತು ಅಮೆರಿಕದ ಕಮಿನ್ಸ್ ಕಂಪನಿಗಳು ಸೇರಿ ಜಮ್‌ಶೆಡ್‌ಪುರದಲ್ಲಿಯೇ ಟಾಟಾ ಕಮಿನ್ಸ್ ಸಂಸ್ಥೆಯನ್ನು ಸ್ಥಾಪಿಸಿದವು. ಅಲ್ಲಿಂದ ಬಂದ 5.9 ಲೀಟರಿನ, ಟರ್ಬೊ ಸಹಿತವಾದ 6 ಸಿಲಿಂಡರ್ ಎಂಜಿನ್ನು ಲಾರಿ ಲೋಕದಲ್ಲಿ ಬೇಗನೆ ಹೆಸರು ಮಾಡಿತು. ಅಶೋಕ್ ಲೇಲ್ಯಾಂಡ್ ಲಾರಿಗಳಲ್ಲಿ ಬ್ರಿಟನ್ನಿನ ಲೇಲ್ಯಾಂಡ್ ಮೂಲದ ಎಂಜಿನ್ನುಗಳ ನಂತರ ಜಪಾನಿನ ಹಿನೊ ತಂತ್ರಜ್ಞಾನದ ಎಚ್ ಸರಣಿಯ ಎಂಜಿನ್ನುಗಳು ಬಂದವು. 1980ರಿಂದ ಆ ಕಂಪನಿಯ ಕಾರ್ಖಾನೆ ನಮ್ಮ ಹೊಸೂರಿನಲ್ಲಿಯೇ ಇದೆ.

ಹಳೆಯ 697 ಎಂಜಿನ್ನಿನ ಲಾರಿಗೆ ಕಮಿನ್ಸ್ ಎಂಜಿನ್ನನ್ನು ಕೂರಿಸುವ ಆಸೆ ಹುಟ್ಟುವುದು ಸಹಜ. ಗಾತ್ರ ನೋಡಿದರೆ 5675 ಸಿ.ಸಿ.ಗೂ 5883 ಸಿ.ಸಿ.ಗೂ ಅಂಥ ಅಂತರವಿಲ್ಲ. ಆದರೆ ಟರ್ಬೊ ಇರುವುದರಿಂದ ಕಡಿಮೆ ವೇಗದಲ್ಲಿಯೇ ಹೆಚ್ಚು ಎಳೆತ ದೊರೆಯುತ್ತದೆ. ತಾಳವಾಡಿಯ ಕಡೆಯವರು ದಿಂಬಂ ಘಟ್ಟದ 27 ತಿರುವುಗಳನ್ನು ಹೊರೆ ಹೊತ್ತು ಏರುವಾಗ ಆ ವ್ಯತ್ಯಾಸ ಎಷ್ಟೆಂಬುದನ್ನು ಬಲ್ಲರು.

ಹೊಂದಿಕೆಯ ಕೆಲಸ

ಎಂಜಿನ್ನನ್ನು ಚಾಸಿಯ ಮೇಲೆ ಇಳಿಸಿ ಬೋಲ್ಟ್ ಬಿಗಿಯುವುದು ಇಡೀ ಕೆಲಸದಲ್ಲಿ ಸುಲಭದ ಭಾಗ. ತೊಡಕು ಸುತ್ತಲಿನ ಜೋಡಣೆಗಳಲ್ಲಿದೆ. ಎಂಜಿನ್ ಮೌಂಟಿಂಗುಗಳ ಜಾಗ ಬೇರೆಯಾಗಿರುತ್ತದೆ. ಕೆಳಗಿನ ಆಯಿಲ್ ಚೇಂಬರು ಮುಂದಿನ ಆಕ್ಸಲಿಗೆ ತಗುಲದಂತೆ ಇರಬೇಕು; ಖಾಲಿ ನಿಂತಾಗ ತಗುಲದ್ದು ಹೊರೆ ಹೊತ್ತು ಗುಂಡಿಗೆ ಇಳಿದಾಗ ತಗುಲೀತು. ಫ್ಲೈವೀಲ್ ಹೌಸಿಂಗು ಗೇರ್‌ಬಾಕ್ಸಿನ ಮುಖಕ್ಕೆ ಸರಿಹೊಂದಬೇಕು, ಕ್ಲಚ್ ಪ್ಲೇಟಿನ ಹಲ್ಲುಗಳು ಗೇರ್‌ಬಾಕ್ಸಿನ ಶಾಫ್ಟಿಗೆ ಕೂಡಬೇಕು. ಎಂಜಿನ್ನು ಸ್ವಲ್ಪ ಹಿಂದೆ ಅಥವಾ ಮುಂದೆ ಕುಳಿತರೂ ಜಾಯಿಂಟ್ ಶಾಫ್ಟಿನ ಉದ್ದ ಮತ್ತು ಕೋನ ಬದಲಾಗಿ ಕಂಪನ ಆರಂಭವಾಗುತ್ತದೆ. ಟರ್ಬೊ ಎಂಜಿನ್ನಿಗೆ ದೊಡ್ಡ ರೇಡಿಯೇಟರು, ಕೆಲವಕ್ಕೆ ಗಾಳಿ ತಂಪುಗೊಳಿಸುವ ಇಂಟರ್‌ಕೂಲರು ಬೇಕು. ಹಳೆಯ ರೇಡಿಯೇಟರನ್ನೇ ಉಳಿಸಿಕೊಂಡ ಲಾರಿಯು ಸಮತಟ್ಟಾದ ರಸ್ತೆಯಲ್ಲಿ ಚೆನ್ನಾಗಿ ಓಡಿ, ಬೇಸಿಗೆಯ ಘಟ್ಟದಲ್ಲಿ ಕುದಿಯುತ್ತದೆ.

ಬ್ರೇಕಿನ ವಿಷಯವನ್ನು ಪ್ರತ್ಯೇಕವಾಗಿ ಹೇಳಬೇಕು. ದೊಡ್ಡ ಲಾರಿಗಳಲ್ಲಿ ಬ್ರೇಕಿಗೆ ಗಾಳಿ ತುಂಬುವ ಕಂಪ್ರೆಸರು ಎಂಜಿನ್ನಿನ ಮೇಲೆಯೇ ಇರುತ್ತದೆ. ನಿರ್ವಾತದ ನೆರವಿನ ಬ್ರೇಕುಳ್ಳ ಸಣ್ಣ ಲಾರಿಗಳಲ್ಲಿ ವ್ಯಾಕ್ಯೂಮ್ ಪಂಪು ಎಂಜಿನ್ನಿನಿಂದಲೇ ನಡೆಯುತ್ತದೆ. ಹೊಸ ಎಂಜಿನ್ನಿನ ಕಂಪ್ರೆಸರು ಚಿಕ್ಕದಾದರೆ ಇಳಿಜಾರಿನಲ್ಲಿ ಮತ್ತೆ ಮತ್ತೆ ಬ್ರೇಕ್ ಒತ್ತಿದಾಗ ಗಾಳಿ ತುಂಬುವ ವೇಗ ಸಾಲದು.

ಎಂಜಿನ್ ಬ್ರೇಕಿನದು ಇದಕ್ಕಿಂತ ಸೂಕ್ಷ್ಮವಾದ ಸಂಗತಿ. ಅಶ್ವಶಕ್ತಿ ಒಂದೇ ಇದ್ದರೆ ಸಾಕೆಂದು ಭಾವಿಸಿ 6 ಸಿಲಿಂಡರಿನ ಹಳೆಯ ಎಂಜಿನ್ನಿನ ಬದಲು 4 ಸಿಲಿಂಡರಿನ ಟರ್ಬೊ ಎಂಜಿನ್ನನ್ನು ಹಾಕಿಸಿದರೆ ಲಾರಿ ಏರನ್ನು ಮೊದಲಿನಂತೆಯೇ ಏರುತ್ತದೆ. ಇಳಿಯುವಾಗ ಗೇರಿನಲ್ಲಿಟ್ಟು ಕಾಲು ತೆಗೆದರೆ ಲಾರಿಯನ್ನು ಹಿಡಿದಿಡುವುದು ಮುಖ್ಯವಾಗಿ ಸಿಲಿಂಡರುಗಳ ಒಟ್ಟು ಗಾತ್ರ. ಆಗ ಟರ್ಬೊ ಹೆಚ್ಚೇನೂ ನೆರವಾಗದು. 5675 ಸಿ.ಸಿ.ಯ ಜಾಗದಲ್ಲಿ 3783 ಸಿ.ಸಿ. ಬಂದರೆ ಗಾತ್ರವು ಮೂರನೆಯ ಎರಡು ಪಾಲಿಗೆ ಇಳಿಯುತ್ತದೆ. ಉಳಿದ ಭಾರವೆಲ್ಲ ಬ್ರೇಕ್ ಡ್ರಮ್ಮುಗಳ ಮೇಲೆ. ಏರುವುದನ್ನು ಮಾತ್ರ ಪರೀಕ್ಷಿಸಿ ಮೇಸ್ತ್ರಿಗೆ ಹಣ ಕೊಟ್ಟು ಬರುವುದು ಜಾಣತನವಲ್ಲ.

ಗೇರಿನ ಲೆಕ್ಕವೂ ಉಂಟು. ಹಳೆಯ ಎಂಜಿನ್ನು ನಿಮಿಷಕ್ಕೆ 2800 ಸುತ್ತು ತಿರುಗುವಾಗ ಕೊನೆಯ ಗೇರಿನಲ್ಲಿ ಲಾರಿ ಗಂಟೆಗೆ 70 ಕಿ.ಮೀ. ಓಡುತ್ತಿತ್ತೆಂದು ಇಟ್ಟುಕೊಳ್ಳೋಣ. ಹೊಸ ಎಂಜಿನ್ನಿನ ಮಿತಿ 2500 ಸುತ್ತಾದರೆ, ಗೇರ್‌ಬಾಕ್ಸೂ ಕ್ರೌನ್ ಪಿನಿಯನ್ನೂ ಹಳೆಯವೇ ಇದ್ದಲ್ಲಿ, ಅದೇ ಗೇರಿನಲ್ಲಿ ದೊರೆಯುವ ವೇಗ 62.5 ಕಿ.ಮೀ. ಮಾತ್ರ. ಎಳೆತ ಹೆಚ್ಚಿತು, ವೇಗ ಕುಗ್ಗಿತು. ವೇಗಕ್ಕಾಗಿ ಕ್ರೌನ್ ಬದಲಿಸಲು ಹೊರಟರೆ ಖರ್ಚು ಇನ್ನೊಂದು ಮೆಟ್ಟಿಲು ಏರುತ್ತದೆ. ಹೆಚ್ಚಿದ ಎಳೆತವನ್ನು ತಾಳಲಾರದೆ ಹಳೆಯ ಗೇರ್‌ಬಾಕ್ಸಿನ ಹಲ್ಲುಗಳು, ಆಕ್ಸಲ್ ಶಾಫ್ಟುಗಳು ಮುರಿಯುವುದೂ ಉಂಟು. ಇಷ್ಟೆಲ್ಲ ಆದ ಮೇಲೂ ಹೊರಬಹುದಾದ ಹೊರೆ ಒಂದು ಕಿಲೊ ಕೂಡ ಹೆಚ್ಚುವುದಿಲ್ಲ. ಅದು ನೋಂದಣಿ ಪತ್ರದಲ್ಲಿ ಬರೆದಿರುವಷ್ಟೇ.

ಎಲೆಕ್ಟ್ರಾನಿಕ್ ಎಂಜಿನ್ನುಗಳ ಬಗ್ಗೆ ಹೆಚ್ಚು ಬರೆಯಬೇಕಾಗಿಲ್ಲ. ಕಾಮನ್ ರೈಲ್ ಎಂಜಿನ್ನು ಒಂಟಿಯಾಗಿ ಬರುವುದಿಲ್ಲ. ಅದರೊಡನೆ ನಿಯಂತ್ರಣ ಪೆಟ್ಟಿಗೆ, ಸೆನ್ಸರುಗಳು, ವೈರಿಂಗು, ಎಲೆಕ್ಟ್ರಾನಿಕ್ ಆಕ್ಸಿಲರೇಟರ್ ಪೆಡಲು ಎಲ್ಲವೂ ಬರಬೇಕು. 2020ರ ಏಪ್ರಿಲ್ 1ರಿಂದ ದೇಶದಾದ್ಯಂತ ಜಾರಿಗೆ ಬಂದ ಬಿ.ಎಸ್. 6 ಮಾನದಂಡದ ಲಾರಿ ಎಂಜಿನ್ನಾದರೆ ಹೊಗೆಯ ಮಸಿ ಹಿಡಿಯುವ ಶೋಧಕ, ಯೂರಿಯಾ ದ್ರಾವಣದ ವ್ಯವಸ್ಥೆ ಕೂಡ ಬೇಕು. ಇವುಗಳಲ್ಲಿ ಒಂದು ಸೆನ್ಸರು ತಪ್ಪಿದರೂ ಎಂಜಿನ್ನು ತನ್ನ ಶಕ್ತಿಯನ್ನು ತಾನೇ ಕುಗ್ಗಿಸಿಕೊಳ್ಳಬಹುದು. ಹಳ್ಳಿಯ ಗ್ಯಾರೇಜಿನಲ್ಲಿ ಇದಕ್ಕೆ ಕೈ ಹಾಕಬಾರದೆಂಬುದೇ ನಮ್ಮ ಅಭಿಪ್ರಾಯ.

ಕಾನೂನು ಏನನ್ನುತ್ತದೆ

1988ರ ಮೋಟಾರು ವಾಹನ ಕಾಯಿದೆಯ 52ನೆಯ ಪ್ರಕರಣವು ಈ ವಿಷಯಕ್ಕೆ ಸಂಬಂಧಿಸಿದ್ದು. ನೋಂದಣಿ ಪತ್ರದಲ್ಲಿರುವ ವಿವರಗಳು ತಯಾರಕರು ಮೂಲತಃ ನಿರ್ದಿಷ್ಟಪಡಿಸಿದ ವಿವರಗಳಿಗೆ ಭಿನ್ನವಾಗುವಂತೆ ಮಾಲೀಕನು ವಾಹನವನ್ನು ಬದಲಾಯಿಸಬಾರದೆಂಬುದು ಅದರ ತಿರುಳು. ಕೇರಳದಿಂದ ಹೋದ ಒಂದು ಪ್ರಕರಣದಲ್ಲಿ ಸುಪ್ರೀಂ ಕೋರ್ಟು 2019ರ ಜನವರಿಯಲ್ಲಿ ಈ ನಿಯಮವನ್ನು ಕಟ್ಟುನಿಟ್ಟಾಗಿ ಅರ್ಥೈಸಿತು. ಬೇರೆ ಇಂಧನಕ್ಕೆ ಬದಲಾಯಿಸುವುದಕ್ಕೆ ಕಾಯಿದೆಯಲ್ಲಿ ಷರತ್ತುಬದ್ಧ ಅವಕಾಶವಿದೆ. ಕನಿಷ್ಠ 10 ಸಾರಿಗೆ ವಾಹನಗಳ ಮಾಲೀಕರಿಗೆ ರಾಜ್ಯ ಸರ್ಕಾರವು ಅಧಿಸೂಚನೆಯ ಮೂಲಕ, ಪ್ರತಿಬಾರಿ ಒಪ್ಪಿಗೆ ಪಡೆಯದೆ ಎಂಜಿನ್ ಬದಲಿಸುವ ಅಧಿಕಾರ ನೀಡಬಹುದು; ಅಲ್ಲಿಯೂ ಎಂಜಿನ್ನು 'ಅದೇ ತಯಾರಿಕೆ, ಅದೇ ಬಗೆ'ಯದಾಗಿರಬೇಕು.

ಒಂದೇ ಲಾರಿಯುಳ್ಳ ಕುಟುಂಬಕ್ಕೆ ಇದರ ಅರ್ಥ ಹೀಗೆ: ಅದೇ ತಯಾರಿಕೆಯ, ಅದೇ ಬಗೆಯ ಎಂಜಿನ್ನಿಗೆ ನೋಂದಣಾಧಿಕಾರಿಯ ಒಪ್ಪಿಗೆ ಕೇಳಬಹುದು. ಬೇರೆ ತಯಾರಿಕೆಯ ಎಂಜಿನ್ನಿಗೆ ಒಪ್ಪಿಗೆ ಸಿಕ್ಕೇ ಸಿಗುವುದೆಂದು ನಂಬಿ ಹಣ ಹೂಡಬಾರದು. ಒಪ್ಪಿಗೆ ಲಿಖಿತವಾಗಿ ಕೈಸೇರಿದ ಮೇಲೆಯೇ ಹಳೆಯ ಎಂಜಿನ್ನಿನ ಬೋಲ್ಟು ಸಡಿಲಿಸಬೇಕು. ಬದಲಾವಣೆಯಾದ 14 ದಿನಗಳೊಳಗೆ ನೋಂದಣಿ ಪತ್ರದೊಡನೆ ವರದಿ ಮಾಡಿ, ಹೊಸ ಎಂಜಿನ್ ಸಂಖ್ಯೆಯನ್ನು ನಮೂದು ಮಾಡಿಸಿಕೊಳ್ಳಬೇಕು. ಲಾರಿಯ ಮೇಲೆ ಸಾಲವಿದ್ದರೆ ಸಾಲ ಕೊಟ್ಟವರ ಲಿಖಿತ ಸಮ್ಮತಿಯೂ ಬೇಕಾಗುತ್ತದೆ. ಅನುಮತಿಯಿಲ್ಲದ ಬದಲಾವಣೆಗೆ 2019ರ ತಿದ್ದುಪಡಿಯ ಪ್ರಕಾರ 6 ತಿಂಗಳವರೆಗೆ ಸಜೆ, ಅಥವಾ ಪ್ರತಿ ಬದಲಾವಣೆಗೆ 5000 ರೂಪಾಯಿ ದಂಡ, ಅಥವಾ ಎರಡೂ ವಿಧಿಸಬಹುದು.

ದಂಡಕ್ಕಿಂತಲೂ ಹೆಚ್ಚು ಭಯಪಡಬೇಕಾದುದು ವಿಮೆಯ ವಿಷಯದಲ್ಲಿ. ವಿಮಾ ಪತ್ರದಲ್ಲಿ ಎಂಜಿನ್ ಸಂಖ್ಯೆ ಇರುತ್ತದೆ. ಅಪಘಾತದ ನಂತರ ಸರ್ವೇಯರು ನೋಡುವ ಸಂಖ್ಯೆ ಬೇರೆಯಾಗಿದ್ದರೆ ಲಾರಿಯ ಹಾನಿಗೆ ಬರಬೇಕಾದ ಹಣವೇ ತಕರಾರಿಗೆ ಬೀಳುತ್ತದೆ. ಒಂದೇ ಲಾರಿಯಿರುವ ಮನೆಯಲ್ಲಿ ಅದರ ಪರಿಣಾಮ ಮಕ್ಕಳ ಓದಿನವರೆಗೂ ಬರುತ್ತದೆ. ಎಫ್.ಸಿ. ಪರೀಕ್ಷೆಯಲ್ಲಿಯೂ ಇದೇ ಸಂಖ್ಯೆಯನ್ನು ನೋಡುತ್ತಾರೆ. 8 ವರ್ಷ ದಾಟಿದ ಸಾರಿಗೆ ವಾಹನಕ್ಕೆ ಆ ಪರೀಕ್ಷೆ ಪ್ರತಿವರ್ಷವೂ ಇದೆ.

ಗುಜರಿಯಿಂದ ಎಂಜಿನ್ ಕೊಳ್ಳುವವರು ಅದು ಯಾವ ವಾಹನದ್ದೆಂಬುದಕ್ಕೆ ದಾಖಲೆ ಕೇಳಲೇಬೇಕು. ಬಿಲ್ಲಿನಲ್ಲಿ ಎಂಜಿನ್ ಸಂಖ್ಯೆ ಇರಬೇಕು, ಆ ಸಂಖ್ಯೆಯನ್ನು ಬ್ಲಾಕಿನ ಮೇಲೆ ಕಣ್ಣಾರೆ ನೋಡಿ ತಾಳೆ ಹಾಕಬೇಕು. ಅದು ಕಳವಾದ ಲಾರಿಯದಾಗಿದ್ದರೆ ಪೊಲೀಸರು ಬರುವುದು ಕೊಂಡವನ ಮನೆಗೆ. ಬ್ಲಾಕು ಬದಲಿಸಿ, ಲೇತಿನ ಅಂಗಡಿಯಲ್ಲಿ ಅದರ ಮೇಲೆ ಹಳೆಯ ಸಂಖ್ಯೆಯನ್ನೇ ಹೊಡೆಸಿಕೊಳ್ಳಿ ಎಂಬ ಸಲಹೆಯೂ ಕೇಳಿಬರುತ್ತದೆ. ಅದು ಸಂಖ್ಯೆಯನ್ನು ತಿದ್ದಿದ ಅಪರಾಧವೇ ಆಗುತ್ತದೆ. ಇದಕ್ಕಿಂತ ನೆಮ್ಮದಿಯ ದಾರಿಯೆಂದರೆ ತಯಾರಕರಿಂದಲೇ ಪುನರ್‌ನಿರ್ಮಿತವಾದ ಅದೇ ಬಗೆಯ ಎಂಜಿನ್ನು. ಟಾಟಾ ಮೋಟಾರ್ಸ್ ಕಂಪನಿಯು 'ಪ್ರೋಲೈಫ್' ಎಂಬ ಹೆಸರಿನಲ್ಲಿ ಹಳೆಯದನ್ನು ಪಡೆದು ಇಂಥವನ್ನು ಕೊಡುವ ವ್ಯವಸ್ಥೆ ಇಟ್ಟುಕೊಂಡಿದೆ.

ಎಂಜಿನ್ ಹೊಸದಾದರೂ ಲಾರಿಯ ವಯಸ್ಸು ಹೊಸದಾಗುವುದಿಲ್ಲ. ಅದನ್ನು ಮೊದಲ ನೋಂದಣಿಯ ದಿನದಿಂದಲೇ ಎಣಿಸುತ್ತಾರೆ. 15 ವರ್ಷ ದಾಟಿದ ಲಾರಿಗಳ ಎಫ್.ಸಿ. ಶುಲ್ಕವನ್ನು ಇತ್ತೀಚಿನ ವರ್ಷಗಳಲ್ಲಿ ಬಹಳ ಏರಿಸಲಾಗಿದೆ. ಆ ವಯಸ್ಸಿನ ಲಾರಿಗೆ ಬೇರೆ ಎಂಜಿನ್ ಹುಡುಕುವುದಕ್ಕಿಂತ ಇರುವುದನ್ನೇ ಬಿಚ್ಚಿ ಕಟ್ಟಿಸುವುದು ಲೇಸು. ಬ್ಲಾಕು ಉಳಿದರೆ ಸಂಖ್ಯೆಯೂ ಉಳಿಯುತ್ತದೆ, ಕಚೇರಿಯ ಅಲೆದಾಟವೂ ಇರುವುದಿಲ್ಲ.

ಅರ್ಜಿಯ ಭಾಷೆ

ಸಾರಿಗೆ ಕಚೇರಿಯ ಅರ್ಜಿಗಳು ಇಂಗ್ಲಿಷಿನಲ್ಲಿಯೋ ರಾಜ್ಯದ ಆಡಳಿತ ಭಾಷೆಯಲ್ಲಿಯೋ ಇರುತ್ತವೆ. ಅರ್ಥವಾಗದ ಕಾಗದಕ್ಕೆ ಸಹಿ ಹಾಕಿ ಮಧ್ಯವರ್ತಿಯ ಕೈಗೆ ಕೊಟ್ಟು ಬರುವ ರೂಢಿ ಗಡಿನಾಡಿನ ಎಲ್ಲ ಕಡೆಗಳಲ್ಲಿಯೂ ಬೆಳೆದಿದೆ. ಮಧ್ಯವರ್ತಿ ಏನನ್ನು ಬರೆದನೆಂಬುದು ತೊಂದರೆ ಬಂದಾಗಲೇ ತಿಳಿಯುತ್ತದೆ. ಸಂವಿಧಾನದ 350ನೆಯ ವಿಧಿಯ ಪ್ರಕಾರ, ಕುಂದುಕೊರತೆಯ ನಿವಾರಣೆಗಾಗಿ ಯಾವುದೇ ಅಧಿಕಾರಿಗೆ ಕೇಂದ್ರದಲ್ಲಾಗಲಿ ಆ ರಾಜ್ಯದಲ್ಲಾಗಲಿ ಬಳಕೆಯಲ್ಲಿರುವ ಭಾಷೆಯಲ್ಲಿ ಮನವಿ ಸಲ್ಲಿಸುವ ಹಕ್ಕು ಪ್ರತಿಯೊಬ್ಬರಿಗೂ ಇದೆ. ಕೇರಳದಲ್ಲಿ 1969ರ ಆಡಳಿತ ಭಾಷಾ ಕಾಯಿದೆಯು ಕಾಸರಗೋಡಿನ ಸರ್ಕಾರಿ ಕಚೇರಿಗಳೊಡನೆ ಕನ್ನಡದಲ್ಲಿ ಪತ್ರವ್ಯವಹಾರ ಮಾಡಲೂ ಕನ್ನಡದಲ್ಲಿಯೇ ಉತ್ತರ ಪಡೆಯಲೂ ಅಲ್ಲಿನ ಕನ್ನಡಿಗರಿಗೆ ಅವಕಾಶ ನೀಡಿದೆ.

ಆದುದರಿಂದ ನಿಗದಿತ ಅರ್ಜಿಯ ಜೊತೆಗೆ ಕನ್ನಡದಲ್ಲಿ ಒಂದು ಪುಟದ ಪತ್ರವನ್ನೂ ಲಗತ್ತಿಸಿರೆಂದು ನಾವು ಹೇಳುತ್ತೇವೆ. ವಾಹನದ ನೋಂದಣಿ ಸಂಖ್ಯೆ, ಚಾಸಿ ಸಂಖ್ಯೆ, ಹಳೆಯ ಎಂಜಿನ್ನಿನ ಸಂಖ್ಯೆ, ಹಾಕಿಸಬೇಕೆಂದಿರುವ ಎಂಜಿನ್ನಿನ ತಯಾರಿಕೆ, ಬಗೆ ಮತ್ತು ಸಂಖ್ಯೆ, ಬದಲಾವಣೆಯ ಕಾರಣ ಇಷ್ಟು ಅದರಲ್ಲಿರಲಿ. ಎಂಟನೆಯ ತರಗತಿಯ ವಿದ್ಯಾರ್ಥಿಯೂ ಇದನ್ನು ಬರೆಯಬಲ್ಲ. ಪತ್ರಲೇಖನದ ಪಾಠ ಹೇಗೂ ಆಗಿರುತ್ತದೆ. ಎರಡು ಪ್ರತಿ ಮಾಡಿ, ಒಂದರ ಮೇಲೆ ಕಚೇರಿಯ ಮೊಹರು ಮತ್ತು ದಿನಾಂಕ ಹಾಕಿಸಿ ಮನೆಗೆ ತನ್ನಿ. ನೋಂದಣಿ ಪತ್ರ ಮರಳಿ ಬಂದಾಗ ಹೊಸ ಎಂಜಿನ್ ಸಂಖ್ಯೆಯ ಒಂದೊಂದು ಅಕ್ಷರ, ಅಂಕಿಯನ್ನೂ ಬ್ಲಾಕಿನ ಮೇಲಿರುವುದರೊಡನೆ ಹೋಲಿಸಿ ನೋಡಿ. ಸೊನ್ನೆಗೂ ಇಂಗ್ಲಿಷಿನ 'ಓ' ಅಕ್ಷರಕ್ಕೂ ಅದಲುಬದಲಾಗುವುದು ಸಾಮಾನ್ಯ. ಆ ಪತ್ರದ ನಕಲನ್ನು ವಿಮಾ ಕಚೇರಿಗೆ ಕೊಟ್ಟು ವಿಮಾ ಪತ್ರದಲ್ಲಿಯೂ ಸಂಖ್ಯೆಯನ್ನು ಬದಲಾಯಿಸಿಕೊಂಡ ನಂತರವೇ ಲಾರಿಗೆ ಹೊರೆ ಹೇರಬೇಕು.