ತನ್ನನ್ನು ತಾನೇ ಕಟ್ಟಿಕೊಳ್ಳುವ ಎಲುಬು

ವಯಸ್ಕರ ದೇಹದಲ್ಲಿ ಸಾಮಾನ್ಯವಾಗಿ 206 ಮೂಳೆಗಳಿರುತ್ತವೆ. ತೊಡೆಮೂಳೆ ಮೈಭಾರ ಹೊರುತ್ತದೆ, ತಲೆಬುರುಡೆ ಮಿದುಳನ್ನು ಕಾಯುತ್ತದೆ. ಬೆನ್ನುಮೂಳೆ ಎರಡನ್ನೂ ಒಟ್ಟಿಗೆ ನಿಭಾಯಿಸುತ್ತದೆ: ಮುಂಡವನ್ನು ನೆಟ್ಟಗೆ ನಿಲ್ಲಿಸುತ್ತಲೇ ಬೆನ್ನುಹುರಿಗೆ ಕವಚವಾಗುತ್ತದೆ. ಇಷ್ಟನ್ನು ಶಾಲೆಯಲ್ಲೇ ಕಲಿಯುತ್ತೇವೆ. ಆದರೆ ಮೂಳೆ ಜೀವಂತ ಅಂಗಾಂಶ, ಬದುಕಿಡೀ ತನ್ನನ್ನು ಕೆಡವಿ ಕಟ್ಟಿಕೊಳ್ಳುವುದರಿಂದಲೇ ಅದು ಆಸರೆಯಾಗಿ ಉಳಿಯುತ್ತದೆ ಎಂಬ ಅರಿವು ಮೂಡಲು ಶತಮಾನಗಳೇ ಬೇಕಾದವು.

ಮೊದಲು ನಡೆದದ್ದು ಎಣಿಕೆ ಮತ್ತು ವಿಂಗಡಣೆ. ಸುಶ್ರುತ ಸಂಹಿತೆ 300 ಮೂಳೆಗಳನ್ನು ಹೇಳಿದರೆ ಚರಕ ಸಂಹಿತೆ 360 ಎನ್ನುತ್ತದೆ. ಹಲ್ಲು, ಮೃದ್ವಸ್ಥಿಗಳಂಥವೂ ಲೆಕ್ಕಕ್ಕೆ ಸೇರಿದ್ದರಿಂದ ಸಂಖ್ಯೆ ಹಿಗ್ಗಿದೆ. ಕಪಾಲ, ರುಚಕ, ತರುಣ, ವಲಯ, ನಳಕ ಎಂಬ ಸುಶ್ರುತನ ಐದು ಬಗೆಗಳು ಇಂದಿಗೂ ಗಮನಾರ್ಹ. ಅಂಗವನ್ನು ಮುಚ್ಚುವ ಚಪ್ಪಟೆ ಮೂಳೆ ಬೇರೆ, ಭಾರ ಹೊರುವ ಕೊಳವೆ ಮೂಳೆ ಬೇರೆ ಎಂಬ ಸೂಕ್ಷ್ಮ ನೋಟ ಅಲ್ಲಿದೆ.

ಪಶ್ಚಿಮದಲ್ಲಿ 2ನೇ ಶತಮಾನದ ಗ್ಯಾಲೆನ್‌ನ ಮಾತೇ ಬಹುಕಾಲ ಪ್ರಮಾಣವಾಗಿತ್ತು. ಅವನು ಹೆಚ್ಚಾಗಿ ಛೇದಿಸಿದ್ದು ಪ್ರಾಣಿಗಳನ್ನು. ಸುಮಾರು 1200ರಲ್ಲಿ ಈಜಿಪ್ಟಿಗೆ ಭೀಕರ ಬರ ಬಂದಾಗ ಅಬ್ದುಲ್ ಲತೀಫ್ ಅಲ್-ಬಗ್ದಾದಿ ರಾಶಿ ಬಿದ್ದಿದ್ದ ಅಸ್ಥಿಗಳನ್ನು ಪರೀಕ್ಷಿಸಿ, ಕೆಳದವಡೆ ಗ್ಯಾಲೆನ್ ಹೇಳಿದಂತೆ ಎರಡಲ್ಲ, ಒಂದೇ ಮೂಳೆ ಎಂದು ದಾಖಲಿಸಿದ. 1543ರಲ್ಲಿ ವೆಸಾಲಿಯಸ್ ಮಾನವ ದೇಹರಚನೆಯ ತನ್ನ ಮಹಾಗ್ರಂಥದ ಮೊದಲ ಭಾಗವನ್ನು ಮೂಳೆಗಳಿಗೇ ಮೀಸಲಿಟ್ಟು ಇಂಥ ಹಲವು ತಪ್ಪುಗಳನ್ನು ತಿದ್ದಿದ. ಆಕಾರ ಖಚಿತವಾಯಿತು. ಒಳಗೇನು ನಡೆಯುತ್ತದೆ ಎಂಬುದು ಮಾತ್ರ ಮುಚ್ಚಿಕೊಂಡೇ ಇತ್ತು.

ಆ ಬಾಗಿಲು ತೆರೆದದ್ದು ಊಟದ ಮೇಜಿನಲ್ಲಿ. ಬಟ್ಟೆಗೆ ಬಣ್ಣದಚ್ಚು ಹಾಕುವವರೊಬ್ಬರ ಮನೆಯಲ್ಲಿ ಬಡಿಸಿದ ಹಂದಿಮಾಂಸದ ಮೂಳೆ ಕೆಂಪಗಿರುವುದನ್ನು ಲಂಡನ್ನಿನ ಶಸ್ತ್ರವೈದ್ಯ ಜಾನ್ ಬೆಲ್ಚಿಯರ್ ಕಂಡ. ಮಂಜಿಷ್ಠದ ಜಾತಿಯ ಬೇರಿನ ಬಣ್ಣ ಬೆರೆತ ತೌಡನ್ನು ಆ ಹಂದಿಗಳು ತಿಂದಿದ್ದವು. 1736ರಲ್ಲಿ ಅವನು ಇದನ್ನು ಪ್ರಕಟಿಸಿದ. ಫ್ರಾನ್ಸಿನ ದ್ಯುಹಾಮೆಲ್ ಆ ಮೇವನ್ನು ಕೆಲಕಾಲ ಕೊಟ್ಟು, ಕೆಲಕಾಲ ನಿಲ್ಲಿಸಿ ನೋಡಿದಾಗ ಮೂಳೆಯಲ್ಲಿ ಕೆಂಪು, ಬಿಳಿ ಪದರಗಳು ಸಿಕ್ಕವು. ಮೂಳೆ ಹೊರಗಿನಿಂದ ಬೆಳೆಯುತ್ತ ಒಳಗಿನಿಂದ ಕರಗುತ್ತದೆ ಎಂದು ಜಾನ್ ಹಂಟರ್ ತೋರಿಸಿದ. ಎರಡು ಶತಮಾನಗಳ ಬಳಿಕ ಅಮೆರಿಕದ ಹೆರಾಲ್ಡ್ ಫ್ರಾಸ್ಟ್ ಹಿಡಿದದ್ದೂ ಇದೇ ದಾರಿ. ಹೊಸ ಮೂಳೆಗೆ ಅಂಟಿಕೊಂಡು ಅತಿನೇರಳೆ ಬೆಳಕಿನಲ್ಲಿ ಹೊಳೆಯುವ ಟೆಟ್ರಾಸೈಕ್ಲಿನ್ ಬಳಸಿ ಅವರು ಮನುಷ್ಯರ ಮೂಳೆಯ ನವೀಕರಣವನ್ನು ಅಳೆದರು. ವಯಸ್ಕರ ಅಸ್ಥಿಪಂಜರದ ಸುಮಾರು ಹತ್ತನೇ ಒಂದು ಭಾಗ ಪ್ರತಿವರ್ಷ ಹೊಸದಾಗುತ್ತದೆ.

ಈ ಕಟ್ಟೋಣಕ್ಕೆ ನಕ್ಷೆ ಎಲ್ಲಿಂದ ಬರುತ್ತದೆ? ತೊಡೆಮೂಳೆಯ ತಲೆಭಾಗವನ್ನು ಸೀಳಿದರೆ ಜಾಲರಿಯಂಥ ಎಳೆಗಳು ಕಾಣುತ್ತವೆ. 1866ರಲ್ಲಿ ಜ್ಯೂರಿಕ್‌ನ ಅಂಗರಚನಾ ತಜ್ಞ ಹರ್ಮನ್ ಫಾನ್ ಮೇಯರ್ ಸಿದ್ಧಪಡಿಸಿದ್ದ ಇಂಥ ಸೀಳುಗಳನ್ನು ಕಂಡ ಎಂಜಿನಿಯರ್ ಕಾರ್ಲ್ ಕುಲ್ಮನ್, ಭಾರ ಎತ್ತುವ ಕ್ರೇನಿನಲ್ಲಿ ಒತ್ತಡ ಹರಿಯುವ ರೇಖೆಗಳೂ ಹೀಗೇ ಇರುತ್ತವೆ ಎಂದು ಗುರುತಿಸಿದ. ಹೊರೆ ಬದಲಾದರೆ ಮೂಳೆಯ ಒಳರಚನೆಯೂ ಬದಲಾಗುತ್ತದೆ ಎಂಬ ನಿಯಮವನ್ನು 1892ರಲ್ಲಿ ಯೂಲಿಯಸ್ ವುಲ್ಫ್ ಮಂಡಿಸಿದ. ಹೊರೆಯೇ ಇಲ್ಲವಾದರೆ ಏನಾಗುತ್ತದೆ ಎಂಬುದಕ್ಕೆ ಬಾಹ್ಯಾಕಾಶ ಉತ್ತರ ಕೊಟ್ಟಿತು: ತೂಕವಿಲ್ಲದ ಸ್ಥಿತಿಯಲ್ಲಿ ಗಗನಯಾತ್ರಿಗಳ ಸೊಂಟದ ಮೂಳೆ ತಿಂಗಳಿಗೆ ಶೇ 1ರಿಂದ 1.5ರಷ್ಟು ಸಾಂದ್ರತೆ ಕಳೆದುಕೊಳ್ಳುತ್ತದೆ.

ರಕ್ಷಣೆಯ ಗುಟ್ಟು ದ್ರವ್ಯದಲ್ಲಿದೆ. ಮೂಳೆಯನ್ನು ಆಮ್ಲದಲ್ಲಿ ನೆನೆಸಿದರೆ ಖನಿಜ ಕರಗಿ ಅದು ಬಳುಕುತ್ತದೆ. ಸುಟ್ಟರೆ ಕೊಲಾಜೆನ್ ನಾಶವಾಗಿ ಮುಟ್ಟಿದರೆ ಪುಡಿಯಾಗುತ್ತದೆ. ಗಡಸುತನ ಒಂದರದು, ಪೆಟ್ಟು ತಾಳುವ ಗುಣ ಇನ್ನೊಂದರದು. ಎರಡೂ ಸೇರಿದ್ದರಿಂದಲೇ ಪಕ್ಕೆಲುಬುಗಳು ಹೃದಯ, ಶ್ವಾಸಕೋಶಗಳನ್ನು ಕಾಯುತ್ತ ಪ್ರತಿ ಉಸಿರಿಗೂ ಏರಿಳಿಯಬಲ್ಲವು.

ಕೊನೆಯ ಅಧ್ಯಾಯ ಜೀವಕೋಶಗಳದು. ಮೂಳೆ ಕೆಡಹುವ ಕೋಶಗಳಿಗೆ ಅಪ್ಪಣೆ ಕೊಡುವ ರ‍್ಯಾಂಕ್‌ಎಲ್ ಪ್ರೋಟೀನು 1990ರ ದಶಕದ ಕೊನೆಗೆ ಪತ್ತೆಯಾಯಿತು. ಅದನ್ನು ತಡೆಯುವ ಡೆನೋಸುಮ್ಯಾಬ್ ಔಷಧ ಇಂದು ಟೊಳ್ಳಾದ ಮೂಳೆಗಳ ಚಿಕಿತ್ಸೆಯಲ್ಲಿದೆ. ಎಲ್ಲ ಕಾಯಿಲೆಗೂ ಇಂಥ ಪರಿಹಾರ ಸಿಕ್ಕಿಲ್ಲ. 1970ರ ದಶಕದಲ್ಲಿ ಸಾಗರ ತಾಲ್ಲೂಕಿನ ಬಡ ಕೂಲಿಕಾರ ಕುಟುಂಬಗಳಲ್ಲಿ ಕಾಣಿಸಿಕೊಂಡ ಹಂದಿಗೋಡು ಕಾಯಿಲೆ ಸೊಂಟ, ಮಂಡಿಗಳನ್ನು ಸವೆಸಿ ದುಡಿಯುವವರ ನಡಿಗೆಯನ್ನೇ ಕಸಿದುಕೊಂಡಿತು. ಅದು ವಂಶವಾಹಿಯಿಂದ ಬರುವ ರೋಗವೆಂದು ಅಧ್ಯಯನಗಳು ಹೇಳಿದವು. ಆ ಕುಟುಂಬಗಳಿಗೆ ಬೇಕಿರುವುದು ಆ ಹೆಸರಿನ ಜೊತೆಗೆ ಬಾಳಿನುದ್ದದ ಆರೈಕೆ.

ಈ ಚರಿತ್ರೆಯಿಂದ ನಮಗೆ ಸಿಗುವ ಪಾಠ ಸ್ಪಷ್ಟವಾಗಿದೆ. ಮೂವತ್ತರ ಆಸುಪಾಸಿಗೆ ಮೂಳೆ ತನ್ನ ಗರಿಷ್ಠ ಗಟ್ಟಿತನ ಮುಟ್ಟುತ್ತದೆ. ಆಮೇಲಿನ ಬದುಕು ಆ ಉಳಿತಾಯದ ಮೇಲೆ ನಿಂತಿದೆ. ಆದ್ದರಿಂದ ಮಕ್ಕಳ ಆಟ, ಬಿಸಿಲು, ಸತ್ವವುಳ್ಳ ಊಟ, ವಯಸ್ಸಾದವರ ನಡಿಗೆ ಇವೆಲ್ಲ ಮೂಳೆಯ ಚಿಕಿತ್ಸೆಯ ಭಾಗಗಳೇ. ಮೂಳೆ ಮುರಿದ ಮೇಲೆ ಆಸ್ಪತ್ರೆಗೆ ಓಡುವುದಕ್ಕಿಂತ ಬಹಳ ಮೊದಲೇ ಈ ಆರೈಕೆ ಶುರುವಾಗಬೇಕು.