ಹಳೆಯ ಕರೆಂಟ್ ಒಲೆ: ಹುಡುಕುವುದು, ಸರಿಪಡಿಸುವುದು, ಹಚ್ಚುವ ಮೊದಲು ನೋಡುವುದು

ಅಟ್ಟದ ಮೇಲೆ, ಹಳೇ ಟ್ರಂಕಿನ ಹಿಂದೆ ಒಂದು ಕರೆಂಟ್ ಒಲೆ ಧೂಳು ಹಿಡಿದು ಬಿದ್ದಿದೆಯೇ? ಗುಜರಿಗೆ ಹಾಕುವ ಮುಂಚೆ ಒಮ್ಮೆ ಕೆಳಗಿಳಿಸಿ ನೋಡಿ. ಅಡುಗೆಮನೆಯ ವಿದ್ಯುತ್ ಸಾಮಾನುಗಳಲ್ಲಿ ಇದರಷ್ಟು ಸರಳವಾದದ್ದು ಇನ್ನೊಂದಿಲ್ಲ. ಹಳ್ಳಿಯ ಎಲೆಕ್ಟ್ರಿಷಿಯನ್ ಕೈಯಲ್ಲೇ ಇದು ಮತ್ತೆ ಜೀವ ಪಡೆಯಬಹುದು. ಆದರೆ ಉರಿಯಿತು ಎಂದ ಮಾತ್ರಕ್ಕೆ ಸರಿಯಾಯಿತು ಎಂದಲ್ಲ. ಕೆಂಪಗೆ ಉರಿಯುವ ಒಲೆಯೇ ಮೈಮೇಲೆ ಕರೆಂಟ್ ಹರಿಸಿಕೊಂಡು ಕೂತಿರಬಹುದು. ಅದಕ್ಕೇ ಈ ಬರಹ.

ಕರೆಂಟ್ ಒಲೆಯ ಹಿಂದಿರುವುದು ಒಂದು ತಂತಿಯ ಕಥೆ. 1906ರಲ್ಲಿ ಅಮೆರಿಕದ ಆಲ್ಬರ್ಟ್ ಮಾರ್ಷ್ ನಿಕ್ಕಲ್ ಮತ್ತು ಕ್ರೋಮಿಯಂ ಬೆರೆಸಿದ ಲೋಹಕ್ಕೆ ಪೇಟೆಂಟ್ ಪಡೆದರು. ಅದೇ ನಿಕ್ರೋಮ್. ಅದಕ್ಕೂ ಮೊದಲು ವಿದ್ಯುತ್ ಒಲೆಗಳು ಇರಲಿಲ್ಲವೆಂದಲ್ಲ, 1893ರ ಷಿಕಾಗೋ ವಿಶ್ವ ಮೇಳದಲ್ಲೇ ವಿದ್ಯುತ್ ಅಡುಗೆಮನೆಯನ್ನು ಪ್ರದರ್ಶನಕ್ಕಿಟ್ಟಿದ್ದರು. ಆದರೆ ಆಗಿನ ತಂತಿಗಳು ಕೆಂಪಗೆ ಕಾದು ಗಾಳಿ ತಾಗಿದರೆ ಬೇಗ ಸುಟ್ಟುಹೋಗುತ್ತಿದ್ದವು. ನಿಕ್ರೋಮ್ ಕಾದಾಗ ಅದರ ಮೇಲೆ ಕ್ರೋಮಿಯಂ ಆಕ್ಸೈಡ್‌ನ ತೆಳು ಪದರ ಕೂತು ಒಳಗಿನ ಲೋಹವನ್ನು ಕಾಯುತ್ತದೆ. ನಮ್ಮ ಕಡೆ ಆಗಿನ್ನೂ ವಿದ್ಯುತ್ತಿನ ಮೊದಲ ದಿನಗಳು. 1902ರಲ್ಲಿ ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗೆ, 1905ರಲ್ಲಿ ಬೆಂಗಳೂರಿಗೆ ಕರೆಂಟ್ ಬಂತು. ನೀಲಗಿರಿಯ ಪೈಕಾರಾ ಶುರುವಾದದ್ದು 1932ರಲ್ಲಿ.

ಎಲ್ಲಿ ಸಿಗುತ್ತದೆ?

ಗಡಿನಾಡಿನವರಿಗೆ ಇಲ್ಲೊಂದು ಅನುಕೂಲವಿದೆ. ಎರಡು ಭಾಷೆ ಬಲ್ಲವರಿಗೆ ಎರಡು ಕಡೆಯ ಪೇಟೆಯೂ ತೆರೆದಿರುತ್ತದೆ. ನಮ್ಮ ಗುಜರಿ ಅಂಗಡಿಯೇ ಸೋಲಾಪುರ, ಜತ್ತದ ಕಡೆ ಭಂಗಾರ್, ಹೊಸೂರು, ತಾಳವಾಡಿಯಲ್ಲಿ ಕಾಯಲಾನ್ ಕಡೈ, ಕಾಸರಗೋಡಿನಲ್ಲಿ ಆಕ್ರಿ ಕಡ. ಮರಾಠಿಯವರ ಹತ್ತಿರ ಶೇಗಡಿ ಎಂದು ಕೇಳಿ, ತಮಿಳರ ಹತ್ತಿರ ಅಡುಪ್ಪು ಎನ್ನಿ. ದೊಡ್ಡ ಪೇಟೆಗಳಲ್ಲಿ ಮುಂಬೈಯ ಚೋರ್ ಬಜಾರ್, ಹೈದರಾಬಾದಿನ ಜುಮೇರಾತ್ ಬಜಾರ್, ಬೆಂಗಳೂರಿನ ಚಿಕ್ಕಪೇಟೆ ಸುತ್ತಿನ ಭಾನುವಾರದ ಬಜಾರ್ ಹಳೆ ಸಾಮಾನಿಗೆ ಹೆಸರಾದವು. ಕಾಯಿಲ್, ಪಿಂಗಾಣಿ ಕನೆಕ್ಟರ್, ಶಾಖ ತಡೆಯುವ ವೈರ್ ಬೇಕಾದರೆ ಮುಂಬೈಯ ಲೋಹಾರ್ ಚಾಳ್, ಹೈದರಾಬಾದಿನ ಟ್ರೂಪ್ ಬಜಾರ್, ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ವಿಚಾರಿಸಬಹುದು. ಬರೀ ಕಾಯಿಲ್ ಆದರೆ ತಾಲ್ಲೂಕು ಪೇಟೆಯ ಎಲೆಕ್ಟ್ರಿಕಲ್ ಅಂಗಡಿಯಲ್ಲೂ ಕೇಳಿ ನೋಡಿ.

ಕೊಳ್ಳುವಾಗ ಮೊದಲು ತಳದ ತಗಡಿನ ಚೀಟಿ ಓದಿ. ಅದರಲ್ಲಿ ವೋಲ್ಟ್, ವ್ಯಾಟ್ ಬರೆದಿರುತ್ತದೆ. 220, 230, 240 ಇದ್ದರೆ ಚಿಂತೆಯಿಲ್ಲ. 110 ಎಂದಿದ್ದರೆ ಅದು ಹೊರದೇಶದ ಮಾಲು. ಅದನ್ನು ನೇರ ನಮ್ಮ 230 ವೋಲ್ಟಿಗೆ ಹಾಕಿದರೆ ನಾಲ್ಕು ಪಟ್ಟಿಗಿಂತ ಹೆಚ್ಚು ಶಕ್ತಿ ಎಳೆದು ಕ್ಷಣದಲ್ಲಿ ಕಾಯಿಲ್ ಹೋಗುತ್ತದೆ, ಅಥವಾ ಮನೆಯ ವೈರೇ ಹೋಗುತ್ತದೆ. ಚೀಟಿ ಉದುರಿಹೋಗಿದ್ದರೆ ಮಲ್ಟಿಮೀಟರ್ ಹಿಡಿದು ಓಮ್ ನೋಡಿ. 230 ವೋಲ್ಟಿನ 1000 ವ್ಯಾಟ್ ಕಾಯಿಲ್ ಸುಮಾರು 53 ಓಮ್ ತೋರಿಸಬೇಕು, 1500 ವ್ಯಾಟ್‌ನದು 35, 2000 ವ್ಯಾಟ್‌ನದು 26. ತಣ್ಣಗಿರುವಾಗ ಸ್ವಲ್ಪ ಕಡಿಮೆಯೇ ಬರುತ್ತದೆ, ಅದು ಸಹಜ.

ಮೂರು ಜಾತಿಯ ಒಲೆ

ಮೊದಲನೆಯದು ಎಲ್ಲರಿಗೂ ಗೊತ್ತಿರುವ ತೆರೆದ ಕಾಯಿಲ್ ಒಲೆ. ಸುಟ್ಟ ಮಣ್ಣಿನ ಬಿಲ್ಲೆ, ಅದರ ಗಾಡಿಯಲ್ಲಿ ಸುರುಳಿ ತಂತಿ, ಕೆಳಗೆ ಕಬ್ಬಿಣದ ಡಬ್ಬ, ಇಷ್ಟೇ. ಎರಡನೆಯದು ಎರಕದ ಕಬ್ಬಿಣದ ತಟ್ಟೆಯ ಹಾಟ್ ಪ್ಲೇಟ್. ಇದರಲ್ಲಿ ತಂತಿ ತಟ್ಟೆಯೊಳಗೇ ಹೂತಿರುತ್ತದೆ, ಕಣ್ಣಿಗೆ ಕಾಣುವುದಿಲ್ಲ. ಮೂರನೆಯದು ಕೊಳವೆಯ ಸುರುಳಿ. ಲೋಹದ ಕೊಳವೆಯ ನಡುವೆ ತಂತಿ, ಸುತ್ತ ಮೆಗ್ನೀಷಿಯಂ ಆಕ್ಸೈಡ್ ಪುಡಿ ಒತ್ತಿ ತುಂಬಿರುತ್ತದೆ. ಅಮೆರಿಕದ ಹಳೆಯ ದೊಡ್ಡ ಒಲೆಗಳಲ್ಲಿರುವುದು ಹೆಚ್ಚಾಗಿ ಇದೇ.

ಅಮೆರಿಕದಲ್ಲಿ ಇಂಥ ಒಲೆ ಸರಿಪಡಿಸುವುದೇ ಒಂದು ಹವ್ಯಾಸ. ಜನರಲ್ ಮೋಟಾರ್ಸ್ ಒಡೆತನದಲ್ಲಿದ್ದ ಫ್ರಿಜಿಡೇರ್ ಕಂಪನಿ 1960ರ ಹೊತ್ತಿಗೆ ತಂದ ಫ್ಲೇರ್ ಎಂಬ ಒಲೆಯ ಉರಿಗಳು ಮೇಜಿನ ಡ್ರಾಯರಿನಂತೆ ಹೊರಗೆ ಜಾರಿ ಬರುತ್ತಿದ್ದವು. ಅದನ್ನು ಇಂದಿಗೂ ಹುಡುಕಿ ಕೊಳ್ಳುವವರಿದ್ದಾರೆ. ವಿದೇಶದಿಂದ ಮರಳಿದ ನೆಂಟರ ಮನೆಯಲ್ಲಿ ಅಂಥದ್ದೇನಾದರೂ ಸಿಕ್ಕಿದರೆ ಎರಡು ಸಂಗತಿ ತಿಳಿದಿರಲಿ. ಅಲ್ಲಿಯದು 60 ಹರ್ಟ್ಜ್, ನಮ್ಮದು 50. ಆದ್ದರಿಂದ ಅದರ ಗಡಿಯಾರದ ಒಂದು ಗಂಟೆ ಇಲ್ಲಿ 72 ನಿಮಿಷವಾಗುತ್ತದೆ. ಇದು ನಗುವ ವಿಷಯ. ಎರಡನೆಯದು ನಗುವ ವಿಷಯವಲ್ಲ: ಅಲ್ಲಿಯ ಹಳೆಯ ಒಲೆಗಳಲ್ಲಿ ನ್ಯೂಟ್ರಲ್ ತಂತಿಯನ್ನೇ ಒಲೆಯ ಮೈಗೆ ಜೋಡಿಸಿರುತ್ತಿದ್ದರು. ಆ ಪಟ್ಟಿಯನ್ನು ಬಿಚ್ಚದೆ ನಮ್ಮಲ್ಲಿ ಸೇರಿಸಲೇಬಾರದು.

ವೈರಿನ ಬಣ್ಣವೂ ಮೋಸ ಮಾಡುತ್ತದೆ. ನಮ್ಮ ಹಳೆ ಪದ್ಧತಿಯಲ್ಲಿ ಕೆಂಪು ಫೇಸ್, ಕಪ್ಪು ನ್ಯೂಟ್ರಲ್, ಹಸಿರು ಅರ್ತ್. ಅಮೆರಿಕದ ಒಲೆಯಲ್ಲಿ ಕಪ್ಪೇ ಫೇಸ್, ಕೆಂಪೂ ಫೇಸ್, ನ್ಯೂಟ್ರಲ್ ಬಿಳಿ. ಈಗಿನ ವೈರಿನಲ್ಲಿ ಕಂದು ಫೇಸ್, ನೀಲಿ ನ್ಯೂಟ್ರಲ್, ಹಸಿರು-ಹಳದಿ ಅರ್ತ್. ಬಣ್ಣ ನೋಡಿ ಸೇರಿಸದೆ, ಪ್ರತಿ ತಂತಿ ಎಲ್ಲಿಗೆ ಹೋಗುತ್ತದೆಂದು ಮೀಟರಿನಲ್ಲಿ ನೋಡಿ ಸೇರಿಸಿ.

ಬಿಚ್ಚುವಾಗ ಎಚ್ಚರ

ಹಳೆಯ ಒಲೆಯ ಒಳಗೆ ಬೂದು-ಬಿಳಿ ಬಣ್ಣದ ರಟ್ಟಿನಂಥ ಹಾಳೆ, ಅಥವಾ ವೈರಿನ ಮೇಲೆ ಹತ್ತಿಯಂಥ ಹೆಣಿಗೆ ಕಂಡರೆ ಅದು ಕಲ್ನಾರು, ಅಂದರೆ ಆಸ್ಬೆಸ್ಟಾಸ್ ಇರಬಹುದು. ಅದರ ಎಳೆ ಉಸಿರಿನಲ್ಲಿ ಹೋದರೆ ಬಹಳ ವರ್ಷಗಳ ಮೇಲೆ ಶ್ವಾಸಕೋಶದ ಕ್ಯಾನ್ಸರ್ ತರಬಲ್ಲದು. ಎಲ್ಲ ಬಗೆಯ ಆಸ್ಬೆಸ್ಟಾಸ್ ಕೂಡ ಕ್ಯಾನ್ಸರ್‌ಕಾರಕ ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳಿದೆ. ಕೆರೆಯಬೇಡಿ, ಉಜ್ಜಬೇಡಿ, ಬಾಯಲ್ಲಿ ಊದಬೇಡಿ, ಮಕ್ಕಳನ್ನು ಹತ್ತಿರ ಬಿಡಬೇಡಿ. ಹಾಳೆ ಗಟ್ಟಿಯಾಗಿದ್ದರೆ ಅದನ್ನು ಮುಟ್ಟದೆ ಒಲೆಯನ್ನು ಹಾಗೇ ಮುಚ್ಚಿ ಪ್ರದರ್ಶನಕ್ಕಿಡುವುದೇ ಲೇಸು. ಪುಡಿ ಉದುರುತ್ತಿದ್ದರೆ ಒಲೆಯ ಆಸೆಯನ್ನೇ ಬಿಟ್ಟು, ಒದ್ದೆ ಮಾಡಿ ಎರಡು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ. ಒಳಗೆ ಇರುವುದು ಮೈಕಾ ಆದರೆ ಭಯವಿಲ್ಲ. ಅದು ಹೊಳೆಯುವ ತೆಳು ಪದರಗಳಾಗಿ ಬಿಡಿಸಿಕೊಳ್ಳುತ್ತದೆ.

ತುಕ್ಕನ್ನು ತಂತಿ ಬ್ರಷ್, ಸೀಮೆಎಣ್ಣೆಯಲ್ಲಿ ತೆಗೆಯಬಹುದು. ಎನಾಮೆಲ್ ಮೈಯನ್ನು ಸೋಪಿನ ನೀರಲ್ಲಿ ತೊಳೆದರೆ ಸಾಕು, ಮರಳು ಕಾಗದ ತಾಗಿಸಿದರೆ ಹೊಳಪು ಮತ್ತೆ ಬರುವುದಿಲ್ಲ. ಹಳೆ ಬಣ್ಣದಲ್ಲಿ ಸೀಸ ಇರಬಹುದಾದ್ದರಿಂದ ಒಣದಾಗಿ ಉಜ್ಜದಿರುವುದು ಒಳ್ಳೆಯದು.

ಕಾಯಿಲ್ ತುಂಡಾಗಿದ್ದರೆ? ನಮ್ಮಲ್ಲಿ ರೂಢಿ ಏನೆಂದರೆ ಎರಡು ತುದಿ ಕೊಕ್ಕೆ ಮಾಡಿ ಸಿಕ್ಕಿಸಿಬಿಡುವುದು. ಎರಡು ದಿನ ಉರಿಯುತ್ತದೆ. ಆಮೇಲೆ ಸಿಕ್ಕಿಸಿದ ಜಾಗವೇ ಹೆಚ್ಚು ಕಾದು ಮತ್ತೆ ತುಂಡು. ಪ್ರತಿ ಸಲ ತಂತಿ ಗಿಡ್ಡವಾಗುತ್ತ ಹೋಗುತ್ತದೆ. ಐದರಲ್ಲಿ ಒಂದು ಪಾಲು ಕಡಿಮೆಯಾದರೆ ಕಾಲು ಪಾಲು ಹೆಚ್ಚು ಕರೆಂಟ್ ಎಳೆಯುತ್ತದೆ. ಹೊಸ ಕಾಯಿಲ್ ತರುವುದೇ ದಾರಿ. ಮೊದಲು ಬಿಲ್ಲೆಯ ಗಾಡಿಯ ಉದ್ದಕ್ಕೂ ಒಂದು ದಾರ ಹಾಕಿ ಅಳೆಯಿರಿ. ಕಾಯಿಲನ್ನು ಆ ಅಳತೆಗೆ ನಿಧಾನವಾಗಿ, ಎಲ್ಲ ಕಡೆ ಒಂದೇ ಸಮನಾಗಿ ಎಳೆಯಿರಿ. ಒಂದು ಕಡೆ ಒತ್ತಾಗಿ ಉಳಿದರೆ ಅಲ್ಲೇ ಮೊದಲು ಸುಡುತ್ತದೆ. ಬಿಲ್ಲೆಯಲ್ಲಿ ಬಿರುಕಿದ್ದರೆ ಸಿಮೆಂಟ್ ಮೆತ್ತಬೇಡಿ, ಬದಲಾಯಿಸಿ.

ಕಾಯಿಲಿನಿಂದ ಹೊರಬರುವ ವೈರಿಗೆ ಮಾಮೂಲಿ ಪಿವಿಸಿ ಹಾಕುವುದನ್ನು ಬಹಳ ಕಡೆ ಕಾಣುತ್ತೇವೆ. ಅದನ್ನು ತಯಾರಿಸಿರುವುದೇ 70 ಡಿಗ್ರಿ ಶಾಖಕ್ಕೆ. ಒಲೆಯ ಒಳಗೆ ಅದು ಕರಗಿ ಮೈಗೆ ಅಂಟುತ್ತದೆ. ಫೈಬರ್‌ಗ್ಲಾಸ್ ಹೊದಿಕೆಯ ವೈರ್ ಹಾಕಿ, ಬರಿ ತಂತಿ ಹಾಯುವಲ್ಲಿ ಪಿಂಗಾಣಿ ಮಣಿ ಪೋಣಿಸಿ. ಬೆಸುಗೆ ಬೇಡ, ಅದೂ ಕರಗುತ್ತದೆ. ಹಿತ್ತಾಳೆ ಸ್ಕ್ರೂ ಬಿಗಿಯಾಗಿರಲಿ.

ಕೆಲವು ಒಲೆಗಳಿಗೆ ತಿರುಗಿಸುವ ಸ್ವಿಚ್ ಇರುತ್ತದೆ, ಒಳಗೆ ಎರಡು ಕಾಯಿಲ್. ಎರಡೂ 500 ವ್ಯಾಟ್ ಎಂದಿಟ್ಟುಕೊಳ್ಳಿ. ಒಂದರ ಹಿಂದೊಂದು ಸೇರಿದಾಗ 250 ವ್ಯಾಟ್, ಒಂದೇ ಉರಿದಾಗ 500, ಅಕ್ಕಪಕ್ಕ ಸೇರಿದಾಗ 1000. ಸಣ್ಣ, ನಡು, ದೊಡ್ಡ ಉರಿ ಬರುವುದು ಹೀಗೆ. ಹಳಬರ ಜಾಣತನ ನೋಡಿ! ಇಂಥ ಸ್ವಿಚ್ ಬಿಚ್ಚುವ ಮೊದಲು ಯಾವ ವೈರ್ ಎಲ್ಲಿ ಎಂದು ಚಿತ್ರ ಬರೆದುಕೊಳ್ಳಿ, ಇಲ್ಲವೇ ಮೊಬೈಲಿನಲ್ಲಿ ಫೋಟೋ ತೆಗೆಯಿರಿ.

ಹಚ್ಚುವ ಮೊದಲು

ಅರ್ತ್ ಇಲ್ಲದ ಮನೆಯಲ್ಲಿ ಈ ಒಲೆ ಹಚ್ಚಬಾರದು, ಇದರಲ್ಲಿ ರಾಜಿಯಿಲ್ಲ. ಒಲೆಯ ಮೈಯ ಬಣ್ಣ ಕೆರೆದು ಬರಿ ಲೋಹಕ್ಕೆ ಅರ್ತ್ ವೈರನ್ನು ಸ್ಕ್ರೂ ಹಾಕಿ ಬಿಗಿಯಿರಿ. ಪ್ಲಗ್ 16 ಆಂಪಿಯರ್‌ನ ಮೂರು ಪಿನ್ನಿನದೇ ಆಗಬೇಕು. 2000 ವ್ಯಾಟಿನ ಒಲೆ 8.7 ಆಂಪಿಯರ್ ಎಳೆಯುತ್ತದೆ. ಫ್ಯಾನು, ಟಿವಿಗೆ ಹಾಕುವ 6 ಆಂಪಿಯರ್ ಸಾಕೆಟ್ ಅದನ್ನು ತಾಳುವುದಿಲ್ಲ. ಎಲೆಕ್ಟ್ರಿಷಿಯನ್ ಹತ್ತಿರ 500 ವೋಲ್ಟಿನ ಮೆಗ್ಗರ್ ಇದ್ದರೆ ಕಾಯಿಲಿಗೂ ಮೈಗೂ ನಡುವೆ ಹಿಡಿಸಿ ನೋಡಿ, 1 ಮೆಗಾಓಮ್‌ಗಿಂತ ಕಡಿಮೆ ಬಂದರೆ ಒಲೆ ಸೋರುತ್ತಿದೆ. ಕೊಳವೆಯ ಸುರುಳಿ ವರ್ಷಗಟ್ಟಲೆ ಮೂಲೆಯಲ್ಲಿದ್ದರೆ ಒಳಗಿನ ಪುಡಿ ತೇವ ಹೀರಿ ಹೀಗಾಗುವುದುಂಟು. ಅದನ್ನು ಬಿಚ್ಚಿ ತೆಗೆದು, ಬೇರೆ ಒಲೆಯ ಸಣ್ಣ ಶಾಖದಲ್ಲಿ ಕೆಲವು ಗಂಟೆ ಒಣಗಿಸಿ ಮತ್ತೆ ಅಳೆಯಬೇಕು. ಮನೆಗೆ 30 ಮಿಲಿ ಆಂಪಿಯರ್‌ನ ಆರ್‌ಸಿಸಿಬಿ ಹಾಕಿಸಿದ್ದರೆ ಇನ್ನೂ ಒಳ್ಳೆಯದು.

ತೆರೆದ ಕಾಯಿಲ್ ಒಲೆಯ ಬಗ್ಗೆ ಮಾತ್ರ ಒಂದು ಮಾತು ಹೇಳಲೇಬೇಕು. ಎಷ್ಟೇ ಚೆನ್ನಾಗಿ ಸರಿಪಡಿಸಿದರೂ ಅದರ ತಂತಿ ಬರಿಮೈ. ಹಾಲು ಉಕ್ಕಿದರೆ, ಸಾರು ಚೆಲ್ಲಿದರೆ, ಸ್ಟೀಲ್ ಚಮಚ ತಾಗಿದರೆ, ಪಾತ್ರೆ ಹಿಡಿದವರ ಕೈಗೆ ಕರೆಂಟ್ ಬರುತ್ತದೆ. ಫೇಸ್-ನ್ಯೂಟ್ರಲ್ ಅದಲುಬದಲಾದ ಮನೆಯಲ್ಲಿ ಸ್ವಿಚ್ ಆರಿಸಿದರೂ ಕಾಯಿಲಿನಲ್ಲಿ ಕರೆಂಟ್ ನಿಂತೇ ಇರುತ್ತದೆ. ಕೇಂದ್ರ ಸರ್ಕಾರದ 2003ರ ಆದೇಶದಲ್ಲಿ ಕಡ್ಡಾಯ ಐಎಸ್‌ಐ ಗುರುತಿನ ಪಟ್ಟಿಗೆ ವಿದ್ಯುತ್ ಒಲೆಯೂ ಸೇರಿದ್ದು ಸುಮ್ಮನೆ ಅಲ್ಲ. ನನ್ನ ಅಭಿಪ್ರಾಯದಲ್ಲಿ ಹಾಟ್ ಪ್ಲೇಟ್, ಕೊಳವೆಯ ಸುರುಳಿಯ ಒಲೆಗಳನ್ನು ಅಡುಗೆಗೆಂದೇ ಸರಿಪಡಿಸಿ. ತೆರೆದ ಕಾಯಿಲಿನದನ್ನು ತೊಳೆದು, ವೈರ್ ಕತ್ತರಿಸಿ, ಷೋಕೇಸಿನಲ್ಲಿಡಿ.

ಅಷ್ಟಾದರೂ ಹಚ್ಚುತ್ತೇನೆ ಎನ್ನುವವರು ಪಾತ್ರೆ ಇಡುವಾಗ, ಇಳಿಸುವಾಗ, ಒಳಗಿನದನ್ನು ತಿರುವುವಾಗ ಸ್ವಿಚ್ ಆರಿಸುವುದಷ್ಟೇ ಅಲ್ಲ, ಪ್ಲಗ್ಗನ್ನೇ ಕಿತ್ತಿರಬೇಕು. ಕಾಲಲ್ಲಿ ಚಪ್ಪಲಿ ಇರಲಿ, ನೆಲ ಒಣಗಿರಲಿ. ಹೊಸ ಬಣ್ಣ ಬಳಿದಿದ್ದರೆ ಮೊದಲ ಸಲ ಅಂಗಳದಲ್ಲಿ ಅರ್ಧ ಗಂಟೆ ಬರಿದೇ ಉರಿಸಿ, ಹೊಗೆ ಹೋದಮೇಲೆ ಒಳಗೆ ತನ್ನಿ.